ಮೊದಲು ಹೊಡೆದವನ ಹೇಳಿಕೆ

ಅಲ್ಲಿ ಬೇಡಮ್ಮ, ಆ ಹುಲ್ಲಿನ ಗುಡ್ಡೆ ಮೇಲೆ ಕೂರಬೇಡ. ಉಣ್ಣಿ ಇರ್ತವೆ, ಬಟ್ಟೆಗೆ ಹತ್ತಿಕೊಳ್ತವೆ. ಇಲ್ಲಿ ಬಾ, ಈ ಕಲ್ಲಿನ ಮೇಲೆ ಕೂತ್ಕೋ... ಸರಿ, ಸರಿ, ರೈಲಲ್ಲಿ ನಿಂತು ಬಂದು ಕಾಲು ನೋಯ್ತಿದ್ರೆ ಅಲ್ಲೇ ಇರು. ಒರಗಬೇಡ ಅಷ್ಟೆ. ನಾನು ಗೌರಿಯ ಹಾಲು ಕರೀತಾ ಹೇಳ್ತಾ ಹೋಗ್ತೀನಿ, ನೀನು ಬರೀತಾ ಹೋಗು. ಆರು ಗಂಟೆಗೆ ಡೈರಿ ಬಾಗಿಲು ಹಾಕ್ತಾರೆ. ಅಷ್ಟರೊಳಗೆ ಎರಡೂ ಕೆಲಸ ಮುಗೀಬೇಕು.

ಎಲ್ಲಿದ್ವಿ? ಹಾಂ. 'ಕೋದಂಡಪ್ಪ ಆದ ನಾನು, ವಯಸ್ಸು ಅರವತ್ತೆಂಟು, ಕಸುಬು ಬೇಸಾಯ...' ಬರೆದೆಯಾ? 'ಶುಕ್ರವಾರ ಬೆಳಿಗ್ಗೆ ಸುಮಾರು ಏಳು ಗಂಟೆಗೆ ನನ್ನ ಚಿಕ್ಕಪ್ಪನ ಮಗನಾದ ಸೊಣ್ಣಪ್ಪ ಎಂಬವನು ಕೈಯಲ್ಲಿ ಮಚ್ಚು ಹಿಡಿದು ನನ್ನ ಮೇಲೆ ಬರಲಾಗಿ, ಆಸನ್ನವಾದ ಬೆದರಿಕೆಯ ಕಾರಣದಿಂದ...'

ಯಾಕೆ ನಗ್ತೀಯ?

ನಗಲಿಲ್ವಾ? ಮೂಗಲ್ಲಿ ಒಂದು ಸದ್ದು ಬಂತಲ್ಲ. ಹೋಗಲಿ ಬಿಡು. ಏಳನೇ ಕ್ಲಾಸಿಗೇ ಓದು ಬಿಟ್ಟ ತಾತನ ಬಾಯಲ್ಲಿ 'ಆಸನ್ನ' ಅಂತ ಬಂದ್ರೆ ಯಾರಿಗಾದ್ರೂ ನಗು ಬರತ್ತೆ. ಆದ್ರೆ ಆ ಮಾತು ನಿನ್ನದೇ ಅಲ್ವೇ ತಾಯಿ? ಒಂದು ತಿಂಗಳಿಂದ ಇದೇ ಕೊಟ್ಟಿಗೆಯಲ್ಲಿ ನಿಂತು ಗೌರಿಯನ್ನೇ ಜಡ್ಜು ಮಾಡಿಕೊಂಡು ವಾದ ಮಾಡ್ತಿದ್ದೆಯಲ್ಲ, ಬೆಂಗಳೂರಿನ ಲಾ ಕಾಲೇಜುಗಳ ವಾದದ ಸ್ಪರ್ಧೆಗೆ ಅಂತ. ಮೊದಲು ಇಂಗ್ಲಿಷಲ್ಲಿ ಗಡಗಡ ಅಂತ ಒಪ್ಪಿಸೋದು, ಆಮೇಲೆ ನನಗೆ ಕನ್ನಡದಲ್ಲಿ ಬಿಡಿಸಿ ಹೇಳೋದು. 'ತಾತನಿಗೆ ಅರ್ಥವಾದ್ರೆ ಜಡ್ಜಿಗೂ ಅರ್ಥವಾಗತ್ತೆ' ಅಂತಿದ್ದೆ. ಅರ್ಥವಾಯ್ತಮ್ಮ. ನಿನ್ನ ಜಡ್ಜಿನ ಕತೆ ಗೊತ್ತಿಲ್ಲ, ನನಗಂತೂ ಪೂರ್ತಿ ಅರ್ಥವಾಯ್ತು.

ಅದಕ್ಕೇ ಬಂಗಾರಪೇಟೆಯ ಲಾಯರ್ ನಂದಕುಮಾರನಿಗೆ ಬೇಡ ಅಂದೆ. 'ನಾನೇ ಬರೆದುಕೊಡ್ತೀನಿ ಯಜಮಾನ್ರೇ, ಆತ್ಮರಕ್ಷಣೆಗೆ ಹೊಡೆದೆ ಅಂತ ಎರಡು ಸಾಲು ಸಾಕು' ಅಂದ. ಎರಡು ಸಾಲೇ! ನಮ್ಮ ಮೊಮ್ಮಗಳು ಲಿಖಿತ ಕೆಜಿಎಫ್‌ನಲ್ಲಿ ಲಾ ಓದ್ತಾಳೆ, ದೇಶದೇಶಗಳ ಜಗಳದ ಕಾನೂನೇ ಅವಳ ನಾಲಿಗೆ ತುದಿಯಲ್ಲಿದೆ, ಅವಳು ಬರೆದ್ರೆ ಇನ್‌ಸ್ಪೆಕ್ಟರು ಎದ್ದು ನಿಂತು ಓದಬೇಕು ಅಂದೆ. ವಯಸ್ಸು ನೋಡಿ ಮನೆಗೆ ಕಳಿಸಿದಾರೆ, ನಾಳೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಕೊಡಬೇಕು. ಸೊಣ್ಣಪ್ಪ ಕಣ್ಣು ಬಿಟ್ರೆ ಒಂದು ಕೇಸಂತೆ, ಬಿಡದಿದ್ರೆ ಇನ್ನೊಂದಂತೆ... ನಿಲ್ಲೇ ಗೌರಿ, ನಿಲ್ಲು.

ಆಸ್ಪತ್ರೆಗೆ ಹೋಗಿದ್ದೆ ಅಂದೆಯಲ್ಲ, ಕೋಲಾರಕ್ಕೆ. ಹೇಗಿದಾನೆ?

ಹೂಂ.

ಚಿಕ್ಕವೆಂಕಟಮ್ಮ ಮಾತಾಡಿಸಿದ್ಲಾ? ಏನಂದ್ಲು? ಬೈದಳಾ ನನ್ನ? ಬೈಯಲಿ. ಕಟ್ಟಿಕೊಂಡ ಗಂಡ ಹಾಗೆ ಮಲಗಿದ್ರೆ ಯಾವ ಹೆಂಗಸು ಬೈಯಲ್ಲ... ಬೈಯಲಿಲ್ವಾ? ಮತ್ತೆ? ಸುಮ್ಮನೆ ಇದ್ಲಾ? ಸರಿ. ಹೇಳೋಕೆ ಇಷ್ಟವಿಲ್ಲದಿದ್ರೆ ಬೇಡ. ಬರಿ.

ನಿನ್ನ ವಾದದ ಹಾಗೇ ಸಾಲಾಗಿ ಹೋಗೋಣ. ಮೊದಲು ಏನು ಹೇಳ್ತಿದ್ದೆ? ಯಾವ ದೇಶವೂ ಇನ್ನೊಂದು ದೇಶದ ಮೇಲೆ ಕೈ ಎತ್ತಬಾರದು, ಎತ್ತುತ್ತೀನಿ ಅಂತ ಹೆದರಿಸಲೂಬಾರದು. ದೊಡ್ಡ ಯುದ್ಧ ಆದ ಮೇಲೆ ಎಲ್ಲ ದೇಶಗಳೂ ಕೂತು ಹಾಗಂತ ಬರೆದುಕೊಂಡರು. ಅದಕ್ಕೆ ಎರಡೇ ಎರಡು ಬಾಗಿಲು ತೆರೆದಿಟ್ಟರು. ದೊಡ್ಡ ಸಭೆ ಒಪ್ಪಿಗೆ ಕೊಟ್ಟರೆ ಒಂದು. ತನ್ನ ಮೇಲೆ ಆಯುಧ ಹಿಡಿದು ಬಿದ್ದಾಗ ತನ್ನನ್ನು ಉಳಿಸಿಕೊಳ್ಳೋಕೆ ಇನ್ನೊಂದು. ಐವತ್ತೊಂದನೇ ಕಲಮು. ನೋಡಿದೆಯಾ, ನಂಬರೂ ನೆನಪಿದೆ.

ಆಗ ನಾನು ಕೇಳಿದ್ದೆ, ನೆನಪಿದೆಯಾ? 'ಅಲ್ಲಮ್ಮ, ಅವನು ಹೊಡೆದು ನಾನು ಸತ್ತ ಮೇಲೆ ನನಗೆ ಯಾವ ಕಲಮು ಯಾಕೆ?' ಅಂತ. ನೀನು ಕುಣಿದುಬಿಟ್ಟೆ. 'ತಾತಾ, ಅದೇ ನನ್ನ ವಾದ!' ಅಂದೆ. ಹಳೇ ಹಡಗಿನ ಕತೆ ಹೇಳಿದೆ. ಇನ್ನೂರು ವರ್ಷದ ಹತ್ತಿರ ಆಯ್ತಂತೆ. ಆ ಕಡೆಯಿಂದ ಈ ಕಡೆಯ ದಂಗೆಕೋರರಿಗೆ ಸಾಮಾನು ಸಾಗಿಸ್ತಿದ್ದ ಹಡಗನ್ನ ಈ ಕಡೆಯವರು ರಾತ್ರಿ ಗಡಿ ದಾಟಿ ಹೋಗಿ ಸುಟ್ಟು ಜಲಪಾತದ ಕಡೆಗೆ ತೇಲಿಬಿಟ್ಟರಂತೆ. ಆಮೇಲೆ ಎರಡು ದೇಶದವರೂ ಕಾಗದ ಬರೆದುಕೊಂಡರಂತೆ. ಮೊದಲೇ ಹೊಡೆಯಬಹುದು, ಆದ್ರೆ ಬೆದರಿಕೆ ತಲೆ ಮೇಲೆ ಬಂದು ನಿಂತಿರಬೇಕು. ಬೇರೆ ದಾರಿ ಇರಬಾರದು. ಯೋಚನೆ ಮಾಡೋಕೆ ಒಂದು ಗಳಿಗೆಯೂ ಇರಬಾರದು. ಹೊಡೆದ ಪೆಟ್ಟು ಅಳತೆ ಮೀರಬಾರದು... ದೇವರ ಸ್ತೋತ್ರದ ಹಾಗೆ ಬಾಯಿಪಾಠ ಬಂದುಬಿಟ್ಟಿದೆ ನನಗೆ.

ಈಗ ನನ್ನದಕ್ಕೆ ಹಾಕಿ ನೋಡು. ಬೆದರಿಕೆ ಇತ್ತಾ? ಇತ್ತು. ನಾಲ್ಕು ವರ್ಷದಿಂದ ಎರಡು ಮನೆಗೂ ಮಾತಿಲ್ಲ, ಬೆಂಕಿ ನೀರಿಲ್ಲ. ಎಲ್ಲಾ ಆ ಪಾಲಿನ ಬಾವಿಯಿಂದ. ನಮ್ಮಪ್ಪ, ಅವರಪ್ಪ ಇಬ್ಬರೂ ಸೇರಿ ತೋಡಿಸಿದ ಬಾವಿ. ಮೋಟರು ಸುಟ್ಟುಹೋಯ್ತು. ನಿನ್ನ ಸರದಿಯಲ್ಲಿ ಸುಟ್ಟಿದ್ದು ಅಂತ ಅವನು, ನಿನ್ನ ಸರದಿಯಲ್ಲಿ ಅಂತ ನಾನು. ಸರಿ, ಅಲ್ಲಿಗೆ ನಿಂತಿತು. ಹೋದ ವಾರ ಡೈರಿಯ ಸಾಲಿನಲ್ಲಿ ಆದಿಲಕ್ಷ್ಮಿ ಹೇಳಿದ್ಲು, 'ಯಜಮಾನಪ್ಪಾ, ಸೊಣ್ಣಪ್ಪ ಒಸ ಮೋಟರು ತಂದವ್ನೆ. ಇಳಿಸೋಕೆ ಆಂಧ್ರದ ಕಡೆಯಿಂದ ಇಬ್ಬರು ಆಳುಗಳು ಬಂದವ್ರೆ, ನೋಡಿದ್ರೆ ಬಯ ಆಯ್ತದೆ. ಕಾಮಸಮುದ್ರದ ಸಂತೇಲಿ ಒಸ ಮಚ್ಚೂ ತಗೊಂಡ್ನಂತೆ' ಅಂತ. ಹೊಸ ಮೋಟರು, ಹೊಸ ಆಳು, ಹೊಸ ಮಚ್ಚು! ನೀನೇ ಹೇಳು. ಸ್ಪರ್ಧೆಗೆ ಕಟ್ಟಿಕೊಟ್ಟ ಕತೆಯಲ್ಲಿ ನೀನು ವಹಿಸಿಕೊಂಡ ಮೇಲಿನ ದೇಶ ಕೆಳಗಿನ ದೇಶದ ಮೇಲೆ ಬಿದ್ದಿದ್ದು ಯಾಕೆ? ಗಡಿಯಲ್ಲಿ ಜನ ಸೇರ್ತಿದಾರೆ, ಆಯುಧ ಸೇರ್ತಿದೆ ಅಂತ ಸುದ್ದಿ ಬಂತು, ಅದಕ್ಕೆ. ನನಗೂ ಸುದ್ದಿ ಬಂತು.

ಹಾಂ? ಕಿವಿಗೆ ಬಿದ್ದ ಸುದ್ದಿ ಪುರಾವೆಯಲ್ಲ... ಆ ಮಾತನ್ನ ನೀನು ಎದುರುಪಕ್ಷದ ಹುಡುಗಿ ಹೇಳ್ತಾಳೆ ಅಂತಿದ್ದೆ. ಈಗ ನೀನೇ ಹೇಳ್ತೀಯಲ್ಲ! ನೀನು ನನ್ನ ಪಕ್ಷ ತಾಯಿ. ಇವತ್ತೊಂದು ದಿನ ನನ್ನ ಪಕ್ಷ.

ಬರಿ. 'ನಾನು ಕಾಲುವೆ ತಿರುಗಿಸುತ್ತಿರಲಾಗಿ...' ಸಲಿಕೆ ಕೈಯಲ್ಲಿತ್ತು. ಬೆಳಗಿನ ಬಿಸಿಲು ಕಣ್ಣಿಗೆ ಹೊಡೀತಿತ್ತು. ಬದುವಿನ ಮೇಲೆ ಅವನು ಬಂದ. ಓಡಿ ಬಂದ. ಓಡಿ ಅಂದ್ರೆ... ಬಿರಬಿರನೆ ಬಂದ. ಬಲಗೈಯಲ್ಲಿ ಮಚ್ಚು ಫಳ್ ಅಂತು. ಹಿಂದೆ ಆಳುಗಳು ಬರ್ತಿದ್ರೋ ಇಲ್ಲವೋ ನೋಡಲಿಲ್ಲ ನಾನು. ಮಚ್ಚು ನೋಡಿದೆ. ಹೊಡೆದೆ. ಸಲಿಕೆಯ ಬಾಯಿ ಕಡೆ ಅಲ್ಲಮ್ಮ, ಹಿಂಬದಿಯಿಂದ. ಅಳತೆ ನೋಡು! ಆ ಹೊತ್ತಿನಲ್ಲೂ ವೆಂಕಟರಮಣ ಅಷ್ಟು ಬುದ್ಧಿ ಕೊಟ್ಟ ನನಗೆ. ಒಂದೇ ಪೆಟ್ಟು. ಹಾಗಂತ ಬರಿ.

ಯಾಕೆ ನಿಲ್ಲಿಸಿದೆ?

ಡಾಕ್ಟರು ಎರಡು ಅಂದ್ರಾ? ಎಲ್ಲೆಲ್ಲಿ? ಬಲ ಹೆಗಲ ಮೇಲೊಂದು, ಕಿವಿಯ ಮೇಲೊಂದು. ಹೂಂ... ಡಾಕ್ಟರು ಓದಿದೋರು. ಅವರು ಎರಡು ಅಂದ್ರೆ ಎರಡೇ ಇರಬೇಕು. ಆ ಗಡಿಬಿಡಿಯಲ್ಲಿ ಯಾರು ಎಣಿಸ್ತಾರೆ? ಎರಡೂ ಒಂದೇ ಉಸಿರಿನಲ್ಲಿ ಬಿದ್ದವು, ಹಾಗಂತ ಬರಿ. ಒಂದೇ ಉಸಿರಲ್ಲಿ ಬಿದ್ದದ್ದು ಕಾನೂನಿನಲ್ಲಿ ಒಂದೇ ಆಗಲ್ವಾ? ಒಂದು ದೇಶ ಬಾಂಬು ಹಾಕಿದ್ರೆ ಒಂದೇ ಹಾಕತ್ತಾ?

ಹಾಗೆ ನೋಡಬೇಡ.

ದಿನಾ ಟಿವಿಯಲ್ಲಿ ನೋಡ್ತೀವಲ್ಲಮ್ಮ. ಊಟದ ತಟ್ಟೆ ಮುಂದಿಟ್ಟುಕೊಂಡೇ ನೋಡ್ತೀವಿ. ಒಂದು ದೇಶ ಇನ್ನೊಂದರ ಮೇಲೆ ಹೋಗಿ ಬೀಳತ್ತೆ. 'ಅವರು ಹೊಡೆಯೋರಿದ್ರು, ನಾವು ಮುಂಚೆ ಹೊಡೆದ್ವಿ' ಅಂತಾರೆ ಕೋಟು ಹಾಕಿಕೊಂಡು. ಅವತ್ತು ನಿನ್ನ ಕೇಳಿದೆ, 'ಇವರಿಗೆ ಏನು ಶಿಕ್ಷೆ?' ಅಂತ. ನೀನು ಪುಸ್ತಕ ಮುಚ್ಚಿಬಿಟ್ಟೆ. 'ಸಭೆ ಸೇರತ್ತೆ ತಾತ, ಐದು ದೊಡ್ಡ ದೇಶದಲ್ಲಿ ಒಂದು ದೇಶ ಬೇಡ ಅಂದ್ರೆ ಅಲ್ಲಿಗೆ ಮುಗೀತು' ಅಂದೆ. ಅವತ್ತು ರಾತ್ರಿ ನಿನಗಿಂತ ನನಗೆ ಬೇಜಾರಾಯ್ತು. ಇಷ್ಟು ಚೆನ್ನಾಗಿ ಬರೆದಿಟ್ಟ ಮಾತು, ಕೇಳೋರೇ ಇಲ್ವಲ್ಲ ಅಂತ. ಈಗ ನೋಡು, ನನಗೆ ಮಾತ್ರ ಸ್ಟೇಷನ್ನಿದೆ, ಕೋರ್ಟಿದೆ, ಎದುರಿಗೆ ನೀನಿದೀಯ. ಅಷ್ಟು ದೊಡ್ಡವರಿಗೆ ಸಾಲೋ ಮಾತು ನನಗೆ ಸಾಲಲ್ವಾ?

ಹೊಡೆದವನು ಕೂಡಲೇ ಸಭೆಗೆ ತಿಳಿಸಬೇಕು ಅಂತಿದೆ ಅಂದಿದ್ದೆ. ತಿಳಿಸಿದೆ. ಗಂಟೆಯೊಳಗೆ ನಾನೇ ಬಸ್ಸು ಹತ್ತಿ ಹೋಗಿ ಸ್ಟೇಷನ್ನಲ್ಲಿ ಹೇಳಿದೆ. ಅವನ ಮಚ್ಚನ್ನೂ ಟವೆಲಲ್ಲಿ ಸುತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಯಾವ ದೇಶ ಮಾಡತ್ತೆ ಇಷ್ಟು ನಿಯತ್ತಾಗಿ?

ಏನಂದೆ? ಯಾರ ಟವೆಲ್ಲು?

ನನ್ನದು. ಅಲ್ಲ, ಅವನದೇ. ಅವನ ಎಡಗೈ ಮೇಲಿತ್ತು, ಕೆಳಗೆ ಬಿದ್ದಿತ್ತು, ತಗೊಂಡೆ. ಅದನ್ನೆಲ್ಲ ಬರೀಬೇಕಾ? ಬೇಡ. ಹೊಡೆದಾಟದಲ್ಲಿ ಟವೆಲ್ಲಿನ ಮಾತು ಯಾಕೆ?

ಗೌರಿ ಇವತ್ತು ಸರಿಯಾಗಿ ಹಾಲು ಬಿಡ್ತಿಲ್ಲ. ಮೂರು ದಿನದಿಂದ ಹೀಗೇ. ಸರಿಯಾಗಿ ಮೇವೂ ಹಾಕ್ತಿಲ್ಲ ನಾನು... ಹುಲ್ಲು ಬೇಡ, ಬೇಡ! ನೀನು ಎಳೀಬೇಡ, ನಾನೇ ಆಮೇಲೆ ಹಾಕ್ತೀನಿ. ಕೈ ತೆಗಿ ಅಲ್ಲಿಂದ.

ಕೂಗಲಿಲ್ಲಮ್ಮ. ಉಣ್ಣಿ ಅಂದೆನಲ್ಲ, ಅದಕ್ಕೆ.

ನನ್ನ ಹಣೆ ಯಾಕೆ ನೋಡ್ತಿದೀಯ? ನಾಮ ಇಟ್ಟಿಲ್ಲ, ಹೌದು. ಶನಿವಾರವೂ ಇಡಲಿಲ್ಲ. ಐವತ್ತು ವರ್ಷದಲ್ಲಿ ಜ್ವರ ಬಂದು ಮಲಗಿದ ದಿನವೂ ತಪ್ಪಿಸಿರಲಿಲ್ಲ. ದೇವರ ಮನೆ ಹೊಸಿಲವರೆಗೂ ಹೋದೆ. ರಕ್ತ ನೋಡಿದ ಮೈ, ಹೇಗೆ ಒಳಗೆ ಹೋಗಲಿ ಅಂತ ಹಿಂದಕ್ಕೆ ಬಂದೆ. ಅಷ್ಟೆ, ಬೇರೆ ಏನಿಲ್ಲ. ತಪ್ಪು ಮಾಡಿದವನು ಮಾತ್ರ ಹೊಸಿಲಲ್ಲಿ ನಿಲ್ತಾನೆ ಅಂತ ಏನಿಲ್ಲ.

ಕೇಳು. ಏನು ಬೇಕೋ ಕೇಳು. ನಾಳೆ ಅವರು ಕೇಳೋದನ್ನ ಇವತ್ತು ನೀನೇ ಕೇಳಿಬಿಡು, ಒಳ್ಳೇದೇ.

ಅವನು ಏನಾದ್ರೂ ಕೂಗಿದನಾ? ಕೂಗಿದ. ಏನಂತ... 'ಬಿಡಲ್ಲ ನಿನ್ನ' ಅಂತಲೋ ಏನೋ. ಗಾಳಿ ಇತ್ತು.

ಗಾಳಿ ಇರಲಿಲ್ಲ ಅಂತ ನಿನಗೆ ಹೇಗೆ ಗೊತ್ತು? ನೀನು ಕೆಜಿಎಫ್‌ನಲ್ಲಿ ಗೆಳತಿ ಮನೆಯಲ್ಲಿದ್ದೆ.

ಚಿಕ್ಕವೆಂಕಟಮ್ಮನಿಗೆ ಮನೆ ಜಗಲಿವರೆಗೂ ಕೇಳಿಸ್ತಾ? ಏನು ಕೇಳಿಸ್ತಂತೆ ಅವಳಿಗೆ?

...

ಹೌದು. 'ಅಣ್ಣಾ' ಅಂದ. ನಾಲ್ಕು ವರ್ಷ ಆಗಿತ್ತು ಆ ಮಾತು ಕೇಳಿ. ಎದುರಿಗೆ ಸಿಕ್ಕಿದ್ರೆ ಉಗಿದು ಹೋಗ್ತಿದ್ದ. ಅಂಥವನು 'ಅಣ್ಣಾ' ಅಂದ್ರೆ ಏನಂತ ತಿಳಿಯಲಿ ನಾನು? ಹತ್ತಿರಕ್ಕೆ ಬರೋಕೆ ನಾಟಕ ಅಂದುಕೊಂಡೆ. ನಿನ್ನ ಪುಸ್ತಕದಲ್ಲಿ ಇಲ್ವಾ ಅಂಥದ್ದು, ಬಿಳಿ ಬಾವುಟ ತೋರಿಸಿ ಮೋಸ ಮಾಡೋದು? ಇದೆ ಅಂತ ನೀನೇ ಹೇಳಿದ್ದೆ. ಮೋಸ ಅಂದುಕೊಂಡೆ. ಅಂದುಕೊಂಡದ್ದು ತಪ್ಪಾದ್ರೆ ಅದು ನನ್ನ ತಪ್ಪಾ? ಅಥವಾ... ನೀನೇ ಹೇಳು. ಆ ಕಾಗದದಲ್ಲಿ ಅದಕ್ಕೆ ಏನು ಬರೆದಿದಾರೆ? ನಿಜವಾಗಿ ಹೆದರಿದವನು, ಸುಳ್ಳು ಬೆದರಿಕೆಗೆ ಹೆದರಿದ್ರೆ?



ನಾನು ಹೆದರಿದ್ದು ಸುಳ್ಳಲ್ಲ ತಾಯಿ. ಗಂಗಮ್ಮನಾಣೆ ಸುಳ್ಳಲ್ಲ. ಹೊಸ ಮಚ್ಚು ಅಂತ ತಲೆಯಲ್ಲಿ ಒಂದೇ ಸಮನೆ ಹೊಡ್ಕೊಳ್ತಿತ್ತು. ಹೊಸ ಮಚ್ಚು ಯಾಕೆ ತಂದ, ಮನೆಯಲ್ಲಿ ಎರಡು ಹಳೇವು ಇವೆಯಲ್ಲ ಅಂತ. ನನಗೆ ಹೊಳೀಬೇಕಿತ್ತು. ಬೇರೆಯವರಿಗೆ ಹೊಳೆಯದಿದ್ರೂ ನನಗೆ ಹೊಳೀಬೇಕಿತ್ತು. ಮಾಂಸ ಕಡಿದ ಕಬ್ಬಿಣವನ್ನ ಗಂಗಮ್ಮನ ಕೆಲಸಕ್ಕೆ ಮುಟ್ಟಿಸಬಾರದು ಅಂತ ಈ ಊರಿಗೆಲ್ಲ ಹೇಳಿಕೊಟ್ಟವನು ನಾನೇ...

ಏನಿಲ್ಲ. ಬರೀಬೇಡ ಅದನ್ನ. ಬಾಯಿ ತಪ್ಪಿ ಬಂತು.

ಗಂಗಮ್ಮನ ಕೆಲಸ ಅಂದ್ರೆ ಏನು ಅಂತ ನಿನಗೆ ಗೊತ್ತಿಲ್ವಾ? ಗೊತ್ತಿದೆ. ಗೊತ್ತಿದ್ದೂ ಕೇಳ್ತಿದೀಯ. ಪಾಲಿನ ಬಾವಿಗೆ ಹೊಸ ಮೋಟರು ಇಳಿಸೋ ದಿನ ಎರಡು ಮನೆಯವರೂ ಸೇರಬೇಕು. ಹಿರಿಯನ ಕೈಯಲ್ಲಿ ಹೊಸ ಮಚ್ಚಿನಿಂದ ಪೂಜೆಯ ಕಾಯಿ ಒಡೆಸಬೇಕು. ಅವನಿಗಿಂತ ಮೂರು ವರ್ಷ ಹಿರಿಯ ನಾನು. ಮಾತಿಲ್ಲದ ಮನೆ, ಯಾರ ಕೈಯಲ್ಲಿ ಹೇಳಿ ಕಳಿಸ್ತಾನೆ? ತಾನೇ ಬರಬೇಕು. ಮಚ್ಚನ್ನ ನನ್ನ ಕೈಗೆ ಕೊಡೋಕೆ ತಾನೇ ತರಬೇಕು... ಹಾಗಿರಬಹುದು ಅಂತ ಆಮೇಲೆ ಯೋಚನೆ ಬಂತು. ಆಮೇಲೆ. ಬಸ್ಸಿನಲ್ಲಿ. ಆಗ ಬರಲಿಲ್ಲ. 'ಯೋಚನೆ ಮಾಡೋಕೆ ಗಳಿಗೆಯೂ ಇರಲಿಲ್ಲ' ಅಂತ ಬರಿ. ಅದೇ ಮಾತು, ನಿನ್ನ ಕಾಗದದಲ್ಲಿರೋ ಮಾತೇ ಬರಿ.

ಪೆನ್ನು ಯಾಕೆ ಮುಚ್ಚಿದೆ?

ಲಿಖಿತಾ. ಪೆನ್ನು ತೆಗಿ ಮಗಳೇ. ನಿನ್ನ ವಾದದಲ್ಲಿ ನಿನ್ನ ದೇಶಕ್ಕೆ ಎಷ್ಟು ತೂತಿತ್ತು! ಒಂದೊಂದಕ್ಕೂ ರಾತ್ರಿಯೆಲ್ಲ ಕೂತು ತೇಪೆ ಹಾಕಿದೆಯಲ್ಲ. ಕಂಡರಿಯದ, ಭೂಮಿಯ ಮೇಲೇ ಇಲ್ಲದ ದೇಶಕ್ಕೆ ಅಷ್ಟು ಮಾಡ್ತೀಯ, ನಿನ್ನ ಎತ್ತಿ ಆಡಿಸಿದ ತಾತನಿಗೆ ಒಂದು ಹಾಳೆ ಬರೆಯೋಕೆ ಆಗಲ್ವಾ? ಅವನು ಕಣ್ಣು ಬಿಡದಿದ್ರೆ ಏನಾಗತ್ತೆ ಗೊತ್ತಾ ನನಗೆ? ಗೊತ್ತು. ನಿನಗೂ ಗೊತ್ತು. ಅದಕ್ಕೇ ಆ ಮುಖ.

ಚಿಕ್ಕವೆಂಕಟಮ್ಮ ನಿನ್ನ ಹತ್ತಿರ ಏನೋ ಕೇಳಿದಾಳೆ. ನೀನು ಬಂದಾಗಿನಿಂದ ಹೇಳ್ತಿಲ್ಲ. ಏನು ಕೇಳಿದ್ಲು?

ಒಂದೇ ಮಾತಾ?

'ಎಡಗೈಯಾಗೆ ಇಡ್ಕೊಂಡೋದ ಕುಂಬಳಕಾಯಿ ಎಲ್ಲೋಯ್ತು' ಅಂತಲಾ.

...

ಕುಂಬಳಕಾಯಿ ಇರಲಿಲ್ಲ. ಟವೆಲ್ಲಿತ್ತು ಅಂದೆನಲ್ಲ, ಟವೆಲ್ಲಿತ್ತು. ಬದುವಿನ ಮೇಲೆ ಯಾರಾದ್ರೂ ಹುಡುಕಲಿ ಬೇಕಾದ್ರೆ, ಒಂದು ಹೋಳು ಸಿಕ್ಕಿದ್ರೆ ಕೇಳು. ಬಾವಿಯಲ್ಲಿ ಹುಡುಕಲಿ. ಕುಂಬಳಕಾಯಿಯಂತೆ...

ನಿನ್ನ ಬೆರಳು ಯಾಕೆ ಕೆಂಪಗಿದೆ?

ಹುಲ್ಲಿನೊಳಗೆ ಕೈ ಹಾಕಿದೀಯ. ಯಾವಾಗ ಹಾಕಿದೆ? ಬಂದು ಕೂತಾಗಲೇನಾ? ಇಷ್ಟು ಹೊತ್ತೂ ಅದರ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆಯಾ ನನ್ನ ಮಾತು ಕೇಳ್ತಾ?

ಬೈಯಲ್ಲಮ್ಮ. ಬೈಯೋಕೆ ನನಗೇನಿದೆ.

ಬಾವಿಗೆ ಎಸೆಯೋಣ ಅಂತ ಹೋದೆ. ಅರಿಶಿನ ಕುಂಕುಮ ಹಚ್ಚಿದ್ದು, ಕೈ ಬರಲಿಲ್ಲ. ಗೌರಿಗೆ ಹಾಕಿಬಿಡೋಣ ಅಂದ್ರೆ ಪೂಜೆಗಿಟ್ಟ ಕಾಯಿ, ಒಡೆಯದ ಕಾಯಿ, ದೇವರಿಗೆ ಅಂತ ಬಂದದ್ದನ್ನ ದನಕ್ಕೆ ಹೇಗೆ ಹಾಕಲಿ? ಬೇರೆ ಯಾರಾದ್ರೂ ಆಗಿದ್ರೆ ಹಾಕಿಬಿಡ್ತಿದ್ರು. ನನ್ನ ಕೈಲಿ ಆಗಲಿಲ್ಲ. ಮನುಷ್ಯನ ತಲೆಗೆ ಹೊಡೆದ ಕೈಲಿ ಒಂದು ಕುಂಬಳಕಾಯಿ ಎಸೆಯೋಕೆ ಆಗಲಿಲ್ಲ, ನೋಡು. ತಂದು ಹುಲ್ಲಿನಲ್ಲಿ ಮಲಗಿಸಿದೆ. ಕೂಸಿನ ಹಾಗೆ ಮಲಗಿಸಿದೆ.

ಮುಚ್ಚು ಅದನ್ನ. ಹೊರಗೆ ತೆಗೀಬೇಡ. ನನಗೆ ಕಾಣೋ ಹಾಗೆ ಇಡಬೇಡ ತಾಯಿ, ಬೇಡ...

ಇಟ್ಟುಬಿಟ್ಟೆ.

ಸರಿ. ಇನ್ನೇನು ಕೇಳಬೇಕು? ಕೇಳು. ಯಾಕೆ ಹೀಗೆ ಕೂತಿದೀಯ, ಕೇಳಿಬಿಡು! ಬೆಳಿಗ್ಗೆಯೊಳಗೆ ಯಾರಾದ್ರೂ ಕೇಳಲೇಬೇಕು. ಹೆಗಲ ಮೇಲೆ ಬಿದ್ದಾಗಲೇ ಮಚ್ಚು ಕೈಬಿಟ್ಟಿತು, ಮತ್ತೆ ಕಿವಿಯ ಮೇಲಿನದು ಯಾಕೆ ಅಂತ ತಾನೇ? ನೀನು ಕೇಳದಿದ್ರೂ ಕೇಳಿಸ್ತಿದೆ ನನಗೆ. ನಿನ್ನ ಎದುರುಪಕ್ಷದ ಹುಡುಗಿಯೂ ಇದನ್ನೇ ಕೇಳ್ತಾಳೆ ಅಂತಿದ್ದೆ, 'ಮೊದಲನೇದು ಭಯಕ್ಕೆ ಅನ್ನಿ, ಎರಡನೇದು ಯಾವುದಕ್ಕೆ?' ಅಂತ. ನೀನು ಅದಕ್ಕೆ ಉತ್ತರ ಹುಡುಕ್ತಾನೇ ಇದ್ದೆ. ಸಿಕ್ಕಿತಾ?

ನನಗೂ ಸಿಕ್ಕಿಲ್ಲ. ಮೊದಲನೇ ಪೆಟ್ಟು ಭಯಕ್ಕೆ, ಅದು ಸತ್ಯ, ಯಾವ ದೇವರ ಮುಂದಾದ್ರೂ ಹೇಳ್ತೀನಿ. ಮಚ್ಚು ಒಂದು ಕಡೆ ಬಿತ್ತು. ಟವೆಲ್ಲು ಜಾರಿತು. ಅವನು ಹೆಗಲು ಹಿಡ್ಕೊಂಡು ಮಂಡಿಯೂರಿ ಕೂತ. ಬಾಯಿ ತೆರೆದ, ಮತ್ತೆ 'ಅಣ್ಣ' ಅನ್ನೋನಿದ್ದ. ಅದು ಮಾತ್ರ ಬೇಡ ಅನ್ನಿಸ್ತು ನನಗೆ. ಇನ್ನೊಂದು ಸಲ ಅವನು ಅಣ್ಣ ಅಂದ್ರೆ ನಾಲ್ಕು ವರ್ಷ, ಆ ಮೋಟರು, ನಾನೂ ಉಗಿದದ್ದು, ಈಗ ಹೊಡೆದದ್ದು, ಎಲ್ಲ... ಎಲ್ಲವೂ ನನ್ನದೇ ಆಗಿಬಿಡ್ತಿತ್ತು.

ಒಂದೇ ಉಸಿರು ಅಲ್ಲ. ಹೊಡೆದುಹಾಕು ಆ ಸಾಲನ್ನ. ಗಳಿಗೆಯೂ ಇರಲಿಲ್ಲ ಅನ್ನೋದನ್ನೂ ಹೊಡೆದುಹಾಕು. ಹೊತ್ತಿತ್ತು. ಎರಡು ಪೆಟ್ಟಿನ ನಡುವೆ ಎಷ್ಟು ಅಂತ ಕೇಳಿದ್ರೆ ಹೀಗಂತ ಬರಿ... ಬದುವಿನ ಮೇಲಿಂದ ಒಂದು ಕುಂಬಳಕಾಯಿ ನಿಧಾನವಾಗಿ ಉರುಳಿ ಬಂದು, ಕುಂಕುಮದ ಕಡೆ ಮೇಲಾಗಿ, ನನ್ನ ಪಾದಕ್ಕೆ ತಾಗಿ ನಿಲ್ಲುವಷ್ಟು ಹೊತ್ತಿತ್ತು.